ಎಂಜಿನ್ ಇಲ್ಲದ ವಿಮಾನ, ಗೆಳೆಯರು, ಬುತ್ತಿ

ಪ್ರವಾಸದಲ್ಲಿ ಒಮ್ಮೆ ಗ್ಲೈಡರ್ ಹತ್ತಬೇಕು ಅಂತ ಆಸೆ ಇದ್ದರೆ, ಅದಕ್ಕೆ ಇಡೀ ದಿನ ಎತ್ತಿಡಿ. ಹಾರಾಟ ಅರ್ಧ ಗಂಟೆಯೊಳಗೇ ಮುಗಿಯಬಹುದು, ಆದರೂ ದಿನ ಪೂರ್ತಿ ಬೇಕು. ಸಾಧ್ಯವಾದರೆ ಗೆಳೆಯರನ್ನೂ ಕರೆದುಕೊಂಡು ಹೋಗಿ. ನಾವು ಹಾಗೇ ಮಾಡಿದೆವು. ಬೆಳಗ್ಗೆಯೇ ಮೈದಾನಕ್ಕೆ ಹೋದವರು, ಸಂಜೆ ಗ್ಲೈಡರ್‌ಗಳನ್ನು ಹ್ಯಾಂಗರ್ ಒಳಗೆ ತಳ್ಳಿದ ಮೇಲೇ ಹೊರಟದ್ದು.

ಇಷ್ಟು ಹೊತ್ತು ಯಾಕೆ ಅಂದರೆ, ಇಲ್ಲಿ ಎಲ್ಲವನ್ನೂ ನಡೆಸುವುದು ಬಿಸಿಲು. ಬೆಳಗ್ಗೆ ನೆಲ ತಣ್ಣಗಿರುತ್ತದೆ. ಹೊತ್ತೇರಿದಂತೆ ನೆಲ ಕಾದು, ಅದಕ್ಕೆ ತಾಗಿದ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಹೀಗೆ ಏಳುವ ಗಾಳಿಗೆ ಥರ್ಮಲ್ ಅನ್ನುತ್ತಾರೆ. ಉತ್ತ ಹೊಲ, ಕಲ್ಲುನೆಲ ಬೇಗ ಕಾಯುತ್ತವೆ. ನೀರು, ಒದ್ದೆ ನೆಲ ನಿಧಾನ. ಅಡಿ ಚಪ್ಪಟೆಯಾಗಿ ಮೇಲೆ ಉಬ್ಬಿದ ಬಿಳಿ ಮೋಡ ಕಂಡರೆ ಅದರ ಕೆಳಗೆ ಗಾಳಿ ಏಳುತ್ತಿರುವ ಸಾಧ್ಯತೆ ಜಾಸ್ತಿ. ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತಿದ್ದರಂತೂ ಅನುಮಾನವೇ ಬೇಡ.

ಊಟದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆ ಖಾಲಿ ಇಟ್ಟುಕೊಂಡು ಹತ್ತಬೇಡಿ. ಬಿಗಿಯಾಗಿ ಉಂಡೂ ಹತ್ತಬೇಡಿ. ಥರ್ಮಲ್‌ನಲ್ಲಿ ಗ್ಲೈಡರ್ ಒಂದೇ ಕಡೆ ವಾಲಿ ಸುತ್ತುತ್ತಲೇ ಇರುತ್ತದೆ, ಹೊಟ್ಟೆ ತೊಳಸುವುದು ಆಗಲೇ. ನಾನು ಬೆಳಗ್ಗೆ ಹಗುರವಾಗಿ ತಿಂದು, ಆಗಾಗ ನೀರು ಕುಡಿಯುತ್ತಿದ್ದೆ. ಕಟ್ಟಿಕೊಂಡು ಹೋದ ಬುತ್ತಿಯನ್ನು ಮಧ್ಯೆ ಮಧ್ಯೆ ನೆರಳಲ್ಲಿ ಬಿಚ್ಚಿ, ಎರಡು ತುತ್ತು ತಿಂದು ಮತ್ತೆ ಕೆಲಸಕ್ಕೆ ಏಳುತ್ತಿದ್ದೆವು.

ಹೌದು, ಕೆಲಸ. ಗ್ಲೈಡರ್ ಮೈದಾನದಲ್ಲಿ ಸುಮ್ನೆ ಕೂರುವವರು ಯಾರೂ ಇಲ್ಲ. ಕೆಳಗಿರುವುದು ಒಂದೇ ದೊಡ್ಡ ಚಕ್ರ, ಹಾಗಾಗಿ ನಿಂತಾಗ ಒಂದು ರೆಕ್ಕೆ ನೆಲಕ್ಕೆ ಒರಗಿರುತ್ತದೆ. ಹೊರಡುವಾಗ ಒಬ್ಬರು ರೆಕ್ಕೆಯ ತುದಿ ಹಿಡಿದು, ನೆಟ್ಟಗೆ ಮಾಡಿ, ನಾಲ್ಕು ಹೆಜ್ಜೆ ಜೊತೆಗೆ ಓಡಬೇಕು. ನಮಗೆ ಅದನ್ನು ಹೇಳಿಕೊಟ್ಟರು: ಬಿಗಿಯಾಗಿ ಹಿಡಿಯಬೇಡಿ, ತಳ್ಳಬೇಡಿ, ಬರೀ ಆಸರೆ ಕೊಡಿ. ನನ್ನ ರೆಕ್ಕೆ ಹಿಡಿದು ಓಡಿದವಳು ನನ್ನ ಹಳೇ ಗೆಳತಿ. ವಿಮಾನ ಏರುವ ಮುಂಚೆ ಕೊನೆಗೆ ಕಂಡದ್ದು ಅವಳ ನಗುಮುಖ. ಟಿಕೆಟ್ ಕೊಟ್ಟು ಹತ್ತಿ ಇಳಿಯುವ ಯಾವ ಸವಾರಿಯಲ್ಲೂ ಈ ಸುಖ ಇಲ್ಲ.

ಹತ್ತುವ ಮುಂಚೆ ತೂಕ ಕೇಳುತ್ತಾರೆ, ಸಂಕೋಚ ಬೇಡ. ಸೀಟಿಗೆ ಇಂತಿಷ್ಟೇ ತೂಕ ಅಂತ ಮಿತಿ ಇರುತ್ತದೆ. ಮುಂದಿನ ಸೀಟಿಗಂತೂ ಕಡಿಮೆ ಆದರೂ ಆಗದು, ತೂಕದ ಹದ ತಪ್ಪುತ್ತದೆ. ಬಿಸಿಲಿಗೆ ಅಂಚು ಮೆತ್ತಗಿರುವ ಟೋಪಿ ಹಾಕಿ. ಫೋನ್, ಕೀಲಿ ಎಲ್ಲ ಜಿಪ್ ಇರುವ ಜೇಬಿಗೆ. ಬಿದ್ದ ವಸ್ತು ಕಂಟ್ರೋಲ್‌ಗೆ ಅಡ್ಡ ಸಿಕ್ಕಿಕೊಂಡರೆ ಅಪಾಯ.

ನಾವು ಹಾರಿದ್ದು ಎಎಸ್‌ಕೆ 21. ಇಬ್ಬರು ಹಿಂದೆ ಮುಂದೆ ಕೂರುವ, ಕಲಿಸಲು ತುಂಬಾ ಬಳಕೆಯಲ್ಲಿರುವ ಜರ್ಮನ್ ಗ್ಲೈಡರ್. ಒಂದು ಕಿಲೋಮೀಟರ್ ಎತ್ತರ ಕಳೆದುಕೊಳ್ಳುವಷ್ಟರಲ್ಲಿ, ಗಾಳಿ ಶಾಂತವಾಗಿದ್ದರೆ, ಸುಮಾರು 34 ಕಿಲೋಮೀಟರ್ ಮುಂದೆ ಹೋಗುತ್ತದೆ. ಮುಂದೆ ನಾನು, ಹಿಂದೆ ಪೈಲಟ್. ಗ್ಲೈಡರ್ ಅನ್ನು ಹಗ್ಗ ಕಟ್ಟಿ ಮೇಲಕ್ಕೆ ಎಳೆಯುವ ಎಂಜಿನ್ ವಿಮಾನ ಹೊರಟು ಹಗ್ಗ ಬಿಗಿಯಾದ ಕೆಲವೇ ಕ್ಷಣಕ್ಕೆ ನಾವು ನೆಲ ಬಿಟ್ಟಿದ್ದೆವು. ಎಳೆಯುವ ವಿಮಾನ ಇನ್ನೂ ನೆಲದ ಮೇಲೇ ಓಡುತ್ತಿತ್ತು! ಎರಡು ಸಾವಿರ ಅಡಿ ಮೇಲೆ ಪೈಲಟ್ ಹೇಳಿದರು, 'ಹಳದಿ ಗುಬುಟು ಎಳೀರಿ.' ಎಳೆದೆ. ಟಕ್ ಅಂತ ಸದ್ದು. ಹಗ್ಗ ಹೋಯಿತು.

ಆಮೇಲೆ ಪೂರ್ತಿ ಮೌನ ಅಂದುಕೊಂಡಿದ್ದೀರಾ? ಇಲ್ಲ. ಗಾಜಿನ ಮುಚ್ಚಿಗೆಗೆ ಗಾಳಿ ಸವರುವ ಸದ್ದು ಇದ್ದೇ ಇರುತ್ತದೆ. ವೇಗ ಹೆಚ್ಚಿದರೆ ಅದು ಜೋರಾಗುತ್ತದೆ, ತಗ್ಗಿದರೆ ಮೆತ್ತಗಾಗುತ್ತದೆ. ಕಣ್ಣೆದುರು ಗಾಜಿನ ಹೊರಗೆ ಟೇಪು ಹಚ್ಚಿದ ಕೆಂಪು ಉಣ್ಣೆ ದಾರ, ಬೆರಳಷ್ಟು ಉದ್ದ. ಅದು ನೆಟ್ಟಗಿದ್ದರೆ ಗ್ಲೈಡರ್ ಗಾಳಿಗೆ ನೇರವಾಗಿದೆ. ಪಕ್ಕಕ್ಕೆ ಸರಿದರೆ ಅಡ್ಡಡ್ಡ ಜಾರುತ್ತಿದೆ. ಇಷ್ಟು ಸರಳ, ಇಷ್ಟು ನಿಖರ! ಹತ್ತಿರದಲ್ಲೇ ವೇರಿಯೋಮೀಟರ್, ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಅಂತ ಸದ್ದು ಮಾಡಿ ಹೇಳುತ್ತದೆ. ಆದರೆ ಅದಕ್ಕಿಂತ ಮೊದಲು ಸೀಟಿಗೇ ಗೊತ್ತಾಗುತ್ತದೆ. ಕೆಳಗಿನಿಂದ ಯಾರೋ ಅಂಗೈಯಲ್ಲಿ ಎತ್ತಿದ ಹಾಗೆ ಒಂದು ನೂಕು, ಬಲರೆಕ್ಕೆ ತುಸು ಮೇಲೆ. 'ಆ ಕಡೆಗೇ ತಿರುಗಿಸಿ' ಅಂದರು. ಗ್ಲೈಡರ್ ವಾಲಿಸುವ ಸ್ಟಿಕ್ ನನ್ನ ಕೈಯಲ್ಲಿತ್ತು. ಎರಡು ಬೆರಳು ಸಾಕಾಯಿತು. ಸುತ್ತು ಸುತ್ತಿದಂತೆ ಹೊಲಗಳು ಚಿಕ್ಕದಾಗುತ್ತಾ ಹೋದವು. ಎಂಜಿನ್ ಇಲ್ಲದೆ ಮೇಲೆ ಹೋಗುತ್ತಿದ್ದೇವೆ ಅನ್ನುವುದನ್ನು ಮೈ ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಇಳಿಯುವಾಗ ಪೈಲಟ್ ನೀಲಿ ಲಿವರ್ ಎಳೆದರು. ರೆಕ್ಕೆಯ ಮೇಲೆ ಏರ್‌ಬ್ರೇಕ್ ಅನ್ನುವ ಪಟ್ಟಿ ಎದ್ದು ಇಳಿಜಾರು ಕಡಿದಾಯಿತು. ಮತ್ತೆ ಏರಿ ಇನ್ನೊಂದು ಸುತ್ತು ಹೊಡೆಯುವ ಅವಕಾಶ ಗ್ಲೈಡರ್‌ಗೆ ಇಲ್ಲ. ಆದ್ದರಿಂದಲೇ ಎತ್ತರದ ಲೆಕ್ಕ ಮೊದಲಿಂದಲೇ ಅವರ ಕಣ್ಣಲ್ಲಿರುತ್ತದೆ.

ರಾತ್ರಿ ಎಲ್ಲರೂ ಒಂದೇ ಮೇಜಿಗೆ ಕೂತೆವು, ಪೈಲಟ್ ಕೂಡ. ಆಗ ಹೊಟ್ಟೆ ತುಂಬಾ ಬಿಸಿಬಿಸಿ ಊಟ! ಬಡಿಸುವ ಕೈಗಳೇ ರೆಕ್ಕೆಯಾಗಿ ವಾಲುತ್ತಿದ್ದವು, ಒಬ್ಬೊಬ್ಬರೂ ತಮ್ಮ ಥರ್ಮಲ್ ವರ್ಣಿಸುವವರೇ. ಮೊದಲ ಮಹಾಯುದ್ಧದ ನಂತರದ ಒಪ್ಪಂದ ಜರ್ಮನಿಯಲ್ಲಿ ಎಂಜಿನ್ ವಿಮಾನಕ್ಕೆ ಕಡಿವಾಣ ಹಾಕಿತು, ಆಗ ಹುಡುಗರು ವಾಸರ್‌ಕುಪ್ಪ ಬೆಟ್ಟದ ಮೇಲೆ ಗ್ಲೈಡರ್ ಹಿಡಿದು ಹೊರಟರು, 1920ರಲ್ಲಿ ಅಲ್ಲಿ ಸ್ಪರ್ಧೆ ಶುರುವಾಯಿತು ಅಂತ ಪೈಲಟ್ ಹೇಳಿದರು. 2018ರಲ್ಲಿ ಪರ್ಲಾನ್ 2 ಅನ್ನುವ ಗ್ಲೈಡರ್ ಅರ್ಜೆಂಟೀನಾದ ಬೆಟ್ಟಗಳ ಗಾಳಿ ಅಲೆ ಹಿಡಿದು 76,000 ಅಡಿ ದಾಟಿದ ಕಥೆ ಕೇಳುವಾಗ ಊಟ ಆರಿಹೋಗಿದ್ದೂ ಗೊತ್ತಾಗಲಿಲ್ಲ.

ಮರುದಿನವನ್ನೂ ಖಾಲಿ ಇಟ್ಟುಕೊಂಡಿದ್ದೆವು, ಮಳೆ ಬಂದರೆ ಇರಲಿ ಅಂತ. ಮಳೆ ಬರಲಿಲ್ಲ, ಹಾಗಾಗಿ ವಿಂಚ್‌ನಲ್ಲೂ ಹಾರಿದೆವು. ನೆಲದ ಮೇಲಿನ ಯಂತ್ರ ಹಗ್ಗ ಸುತ್ತಿಕೊಳ್ಳುತ್ತದೆ, ಗ್ಲೈಡರ್ ಮೂಗು ಮೇಲೆತ್ತಿ ಒಂದು ನಿಮಿಷದೊಳಗೆ ಸಾವಿರ ಅಡಿ ಮುಟ್ಟುತ್ತದೆ. ಭಾರಿ ಮಜಾ. ಆದರೆ ಮೊದಲ ಸಲಕ್ಕೆ ವಿಮಾನದಿಂದ ಎಳೆಸಿಕೊಂಡು ಏರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನಿಧಾನ ಏರುತ್ತದೆ, ಸುತ್ತ ನೋಡಲು ಹೊತ್ತು ಸಿಗುತ್ತದೆ, ಹೆಚ್ಚು ಎತ್ತರದಿಂದ ಬಿಡುವುದರಿಂದ ಥರ್ಮಲ್ ಹುಡುಕಲೂ ಪುರುಸೊತ್ತು.