ಮೊದಲ ಚಳಿಗಾಲಕ್ಕೆ ಒಂದು ಬ್ಯಾಸ್ಕೆಟ್‌ಬಾಲ್ ಟಿಕೆಟ್

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದಿಳಿದ ಹುಡುಗರು ಅಕ್ಟೋಬರ್ ಮುಗಿಯುವಷ್ಟರಲ್ಲಿ ಒಂದೇ ಪ್ರಶ್ನೆ ಕೇಳುತ್ತಾರೆ. "ಅಣ್ಣಾ, ಇಲ್ಲಿ ರವಿವಾರ ಏನ್ ಮಾಡ್ತೀರ್ರಿ?"

ಕೇಳಬೇಕಾದ್ದೇ. ಅಂಗಡಿಗಳಿಗೆಲ್ಲ ಬೀಗ. ಗಡಿಯಾರ ಒಂದು ತಾಸು ಹಿಂದಕ್ಕೆ ಹೋಗಿರುತ್ತದೆ, ಸಂಜೆ ಐದಕ್ಕೆಲ್ಲ ಕತ್ತಲು. ಊರಿಗೆ ವಿಡಿಯೋ ಕಾಲ್ ಮಾಡೋಣ ಅಂದರೆ ಅಲ್ಲಿ ಅವ್ವ ಮಲಗುವ ಹೊತ್ತು.

ಪಕ್ಕದ ಊರು ಲುಡ್ವಿಗ್ಸ್‌ಬುರ್ಗ್‌ಗೆ ಹೋಗಿ ಬ್ಯಾಸ್ಕೆಟ್‌ಬಾಲ್ ನೋಡಿ ಅಂತೀನಿ ನಾನು.

ನಗಬೇಡಿ. ನಾನೂ ಆರು ವರ್ಷ ಇಲ್ಲೇ ಇದ್ದು ಅತ್ತ ತಲೆ ಹಾಕಿರಲಿಲ್ಲ. ಜರ್ಮನಿ ಅಂದರೆ ಫುಟ್‌ಬಾಲ್ ಅಂದುಕೊಂಡಿದ್ದೆ. 2023ರ ಸೆಪ್ಟೆಂಬರ್‌ನಲ್ಲಿ ಜರ್ಮನಿ ಮನಿಲಾದಲ್ಲಿ ಸರ್ಬಿಯಾವನ್ನು 83-77ರಿಂದ ಸೋಲಿಸಿ ಮೊದಲ ಸಲ ಬ್ಯಾಸ್ಕೆಟ್‌ಬಾಲ್ ವಿಶ್ವಕಪ್ ಗೆದ್ದಿತು. ಮರುದಿನ ಆಫೀಸಿನ ಕಾಫಿ ಮಷಿನ್ ಹತ್ತಿರ ಅದೇ ಮಾತು. ರೈಲಿನಲ್ಲಿ ಕಾಲು ತಾಸಿನ ದಾರಿಯ ಲುಡ್ವಿಗ್ಸ್‌ಬುರ್ಗ್‌ನಲ್ಲೇ ಬುಂಡೆಸ್‌ಲಿಗಾ, ಅಂದರೆ ದೇಶದ ಅತಿ ಮೇಲಿನ ಲೀಗ್, ಆಡುವ ತಂಡವಿದೆ ಅಂತ ಆಗ ಗೊತ್ತಾಯಿತು. ಹೆಸರು ರೀಸನ್, ಅಂದರೆ ದೈತ್ಯರು. ಆಟಗಾರರ ಪಕ್ಕ ನಿಂತು ನೋಡಿದರೆ ಹೆಸರು ಸರಿಯಾಗಿಯೇ ಇದೆ ಅನಿಸುತ್ತದೆ.

ಮೊದಲ ಸಲ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಫೋನಿನಲ್ಲಿ ಸಭಾಂಗಣದ ಹೆಸರು 'ಎಂಎಚ್‌ಪಿ ಅರೆನಾ' ಅಂತಷ್ಟೇ ಹಾಕಿ ಹೊರಟೆ. ಅದು ಕರೆದೊಯ್ದದ್ದು ಸ್ಟುಟ್‌ಗಾರ್ಟ್‌ನದೇ ಬಡಾವಣೆ ಬಾಡ್ ಕಾನ್‌ಷ್ಟಾಟ್‌ನ ಫುಟ್‌ಬಾಲ್ ಮೈದಾನಕ್ಕೆ. ಎರಡಕ್ಕೂ ಅದೇ ಸ್ಪಾನ್ಸರ್ ಹೆಸರು! ದೊಡ್ಡ ಮೈದಾನ, ದೀಪವಿಲ್ಲ, ನರಪಿಳ್ಳೆ ಇಲ್ಲ. ವಾಪಸ್ ಬಂದು ಸೇರುವಷ್ಟರಲ್ಲಿ ಎರಡನೇ ಕ್ವಾರ್ಟರ್ ಶುರುವಾಗಿತ್ತು. ಸುಮ್ನೆ ಎಸ್4 ಅಥವಾ ಎಸ್5 ಲೋಕಲ್ ರೈಲು ಹತ್ತಿ, ಲುಡ್ವಿಗ್ಸ್‌ಬುರ್ಗ್‌ನಲ್ಲಿ ಇಳಿದು ಪಶ್ಚಿಮದ ಬಾಗಿಲಿಂದ ಹೊರಬನ್ನಿ. ಸಭಾಂಗಣ ಎದುರಿಗೇ ಇದೆ.

ಟಿಕೆಟ್ ಕೊಳ್ಳುವಾಗ ವಿದ್ಯಾರ್ಥಿಗಳು 'ಎರ್ಮೆಸಿಗ್ಟ್' ಅನ್ನೋ ಪದ ಹುಡುಕಿ, ಅದು ರಿಯಾಯಿತಿ ದರ. ದೊಡ್ಡ ಬ್ಯಾಗ್ ಬೇಡ. ಕುಡಿಯಲು ಕೊಟ್ಟ ಕಪ್ ಎಸೆಯಬೇಡಿ, ಅದಕ್ಕೂ ಡಿಪಾಸಿಟ್ ಹಿಡಿದಿರುತ್ತಾರೆ. ತಂಡದ ಬಣ್ಣ ಹಳದಿ ಕಪ್ಪು. ರಾಜ್ಯೋತ್ಸವಕ್ಕೆ ತಂದ ಹಳದಿ ಅಂಗಿ ಇದ್ದರೆ ಅದೇ ಸಾಕು, ಜರ್ಸಿಗೆ ದುಡ್ಡು ಹಾಕಬೇಡಿ.

ಆಟ ಗೊತ್ತಿಲ್ಲ ಅನ್ನೋ ಚಿಂತೆ ಬಿಡಿ. ನನಗೆ ಕಲಿಸಿದ್ದು ಪಕ್ಕದ ಸೀಟಿನ ಅಜ್ಜಿ. ಎಪ್ಪತ್ತು ದಾಟಿದವರು, ಕುತ್ತಿಗೆಗೆ ಹಳದಿ ಮಫ್ಲರ್. ಅವರ ಷ್ವೇಬಿಷ್, ಅಂದರೆ ಈ ಭಾಗದ ಜರ್ಮನ್ ಮಾತು, ನನಗೆ ಅರ್ಧ ತಿಳಿಯಲಿಲ್ಲ. ಬೆಂಗಳೂರಿನವರು ನಮ್ಮ ಬಾಗಲಕೋಟೆ ಮಾತು ಕೇಳಿ ಕಣ್ಣು ಪಿಳಿಪಿಳಿ ಮಾಡ್ತಾರಲ್ಲ, ಹಾಗೆ. ಅದಕ್ಕೆ ಅಜ್ಜಿ ಬೆರಳಲ್ಲೇ ಪಾಠ ಮಾಡಿದರು. ನಾಲ್ಕು ಬೆರಳು ತೋರಿಸಿದರು, ನಾಲ್ಕು ಕ್ವಾರ್ಟರ್. ಎರಡೂ ಕೈ ಬಿಚ್ಚಿದರು, ಒಂದೊಂದೂ ಹತ್ತು ನಿಮಿಷ. ಐದು ಫೌಲ್ ಆದ ಆಟಗಾರ ಬೆಂಚಿಗೆ ಹೋದಾಗ ಅಂಗೈಯನ್ನು ಕತ್ತಿನ ಮೇಲೆ ಅಡ್ಡಡ್ಡ ಎಳೆದು ತೋರಿಸಿದರು. ಬುಟ್ಟಿಯ ಮೇಲಿನ ಕೆಂಪು ಅಂಕಿ 24ರಿಂದ ಇಳಿಯುತ್ತಾ ಬರುತ್ತದೆ. ಅಷ್ಟರಲ್ಲಿ ಶಾಟ್ ಹೊಡೆಯಬೇಕು. ಅಂಕ ಸಮ ಆದರೆ ಇನ್ನೈದು ನಿಮಿಷ, ಡ್ರಾ ಅನ್ನೋದೇ ಇಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಬಲೆಯ ಸದ್ದು. ಊರಲ್ಲಿ ನಮ್ಮ ಕಾಲೇಜಿನ ಸಿಮೆಂಟ್ ಕೋರ್ಟಿನಲ್ಲಿ ಬರೀ ಕಬ್ಬಿಣದ ರಿಂಗ್ ಇತ್ತು. ಬಾಲ್ ಒಳಗೆ ಹೋಯ್ತೋ ಪಕ್ಕದಿಂದ ಹೋಯ್ತೋ ಅಂತ ಅರ್ಧ ಆಟ ಜಗಳದಲ್ಲೇ ಮುಗಿಯುತ್ತಿತ್ತು. ಇಲ್ಲಿ ದೂರದಿಂದ ಎಸೆದ ಮೂರು ಅಂಕದ ಬಾಲ್ ರಿಂಗಿಗೆ ತಾಗದೆ ಬಿದ್ದರೆ ಸರ್ ಅಂತ ಕೇಳುತ್ತದೆ, ಮರುಕ್ಷಣ ಡ್ರಮ್. ಮೈಕ್ ಹಿಡಿದವರು ಆಟಗಾರನ ಮೊದಲ ಹೆಸರು ಕೂಗುತ್ತಾರೆ, ಜನ ಕೊನೆಯ ಹೆಸರು ಕೂಗುತ್ತಾರೆ. ಜಾತ್ರೆಯ ಕುಸ್ತಿ ಕಣ, ಹಲಗಿ ನೆನಪಾಗದೆ ಇರಲ್ಲ.

ಐಪಿಎಲ್ ನೋಡಿ ಬೆಳೆದವರಿಗೆ ಒಂದು ಮಾತು ವಿಚಿತ್ರ ಅನಿಸಬಹುದು. ಇಲ್ಲಿ ಪಟ್ಟಿಯ ಕೊನೆಗೆ ಉಳಿದವರು ಕೆಳಗಿನ ಲೀಗ್‌ಗೆ ಇಳಿಯುತ್ತಾರೆ. ಹತ್ತಿರದ ಟ್ಯೂಬಿಂಗನ್ ತಂಡ 2023ರಲ್ಲಿ ಮೇಲೆ ಬಂತು, 2024ರಲ್ಲಿ ಮತ್ತೆ ಇಳಿಯಿತು. ಅದಕ್ಕೇ ಸೋಲುವ ತಂಡದ ಮ್ಯಾಚಿಗೂ ಜನ ತುಂಬುತ್ತಾರೆ. ಇನ್ನೊಂದು, ಮ್ಯಾಚಿಗೆ ಹೆಸರು ಕೊಡುವ 12 ಆಟಗಾರರಲ್ಲಿ ವಿದೇಶಿಯರು ಆರಕ್ಕಿಂತ ಹೆಚ್ಚಿರುವಂತಿಲ್ಲ. ನಮ್ಮ ರೀಸನ್ ಇನ್ನೂ ಚಾಂಪಿಯನ್‌ಶಿಪ್ ಗೆದ್ದಿಲ್ಲ. 2020ರಲ್ಲಿ ಫೈನಲ್‌ಗೆ ಹೋಗಿ ಬರ್ಲಿನ್‌ನ ಆಲ್ಬಾ ತಂಡಕ್ಕೆ ಸೋತರು. ಅಜ್ಜಿಗೆ ಆ ಸೋಲು ಇನ್ನೂ ಹಸಿಗಾಯ.

ಸಾಧ್ಯವಾದರೆ ಪ್ರತಿ ಸಲ ಅದೇ ಬ್ಲಾಕ್, ಅದೇ ಸಾಲು ಹಿಡಿಯಿರಿ. ಆಲಮಟ್ಟಿ ಹಿನ್ನೀರು ಬಂದು ಹಳೇ ಬಾಗಲಕೋಟೆಯಿಂದ ನವನಗರಕ್ಕೆ ಬಂದ ಮನೆ ನಮ್ಮದು. ಸೆಕ್ಟರ್ ನಂಬರ್ ಬಿಟ್ಟರೆ ಯಾರ ಗುರುತೂ ಇರಲಿಲ್ಲ. ಅಪ್ಪ ದಿನಾ ಒಂದೇ ಚಹಾದಂಗಡಿಗೆ ಹೋಗಿ ಒಂದೇ ಬೆಂಚಿನ ಮೇಲೆ ಕೂರುತ್ತಿದ್ದರು. ಆರು ತಿಂಗಳಿಗೆ ಊರೆಲ್ಲ ಪರಿಚಯ. ನಾನು ಇಲ್ಲಿ ಮಾಡಿದ್ದೂ ಅದನ್ನೇ. ಮೂರನೇ ಮ್ಯಾಚಿಗೆ ಅಜ್ಜಿ ನನ್ನ ಹೆಸರು ಹಿಡಿದು ಕರೆದರು.

ಮೊದಲ ವರ್ಷದ ಕೊನೆಯ ಮ್ಯಾಚ್ ಮುಗಿದ ಮೇಲೆ ಸ್ಟೇಷನ್ನಿನಲ್ಲಿ ಅವರಿಗೆ ಅಮೀನಗಡದ ಕರದಂಟು ಕೊಟ್ಟೆ. ಒಂದು ತುಂಡು ಬಾಯಿಗೆ ಹಾಕಿ, ಅಂಟಿಗೆ ಹಲ್ಲು ಕಚ್ಚಿಕೊಂಡು, ರೈಲು ಬರುವವರೆಗೂ ಮಾತಾಡಲಿಲ್ಲ. ಹತ್ತುವಾಗ ಮಾತ್ರ ತಿರುಗಿ ನೋಡಿ ಡಬ್ಬಿಯ ಕಡೆ ಬೆರಳು ಮಾಡಿದರು. ಡಬ್ಬಿ ಸಮೇತ ಕೊಟ್ಟುಬಿಟ್ಟೆ.