ಹ್ಯಾಟನ್ನಿನ ಕಚೇರಿಯ ಕಂಪ್ಯೂಟರುಗಳಿಗೆ ಸಿಂಹಳ, ತಮಿಳು ಕೂರಿಸಿದ ಕಥೆ

ಶ್ರೀಲಂಕಾದಲ್ಲಿ ಒಂದು ಅರ್ಜಿ ನಮೂನೆ ಸಿದ್ಧಪಡಿಸುವುದೆಂದರೆ ಮೂರು ಲಿಪಿಗಳ ಕೆಲಸ. ಮೊದಲು ಸಿಂಹಳ, ಆಮೇಲೆ ತಮಿಳು, ಕೊನೆಗೆ ಇಂಗ್ಲಿಷ್. ಸಂವಿಧಾನದ 13ನೇ ತಿದ್ದುಪಡಿ 1987ರಲ್ಲಿ ತಮಿಳಿಗೂ ಅಧಿಕೃತ ಭಾಷೆಯ ಸ್ಥಾನ ಕೊಟ್ಟಿತು. ಚಹಾ ತೋಟಗಳ ನಡುವಿನ ಹ್ಯಾಟನ್‌ನಂಥ ಊರಿನಲ್ಲಿ ಅದು ಬರೀ ಕಾನೂನಿನ ಮಾತಲ್ಲ. ತೋಟದ ಕಾರ್ಮಿಕರು ತಮಿಳು ಓದುತ್ತಾರೆ, ಪಕ್ಕದ ಹಳ್ಳಿಯವರು ಸಿಂಹಳ ಓದುತ್ತಾರೆ, ಇಬ್ಬರೂ ಬರುವುದು ಒಂದೇ ಚಿಕಿತ್ಸಾಲಯಕ್ಕೆ. ಇಂಥವರಿಗಾಗಿ ಆರೋಗ್ಯದ ಕರಪತ್ರಗಳನ್ನು ಅಚ್ಚು ಹಾಕುವ ಒಂದು ಸಣ್ಣ ಸಂಸ್ಥೆಯ ಕಂಪ್ಯೂಟರುಗಳನ್ನು ಮೂರೂ ಲಿಪಿಗೆ ಸಜ್ಜುಗೊಳಿಸುವ ಕೆಲಸ ನನಗೆ ಬಂತು. ನನ್ನ ಊರು ಬೆಂಗಳೂರು, ವೃತ್ತಿ ಪುಸ್ತಕಗಳ ಪುಟ ವಿನ್ಯಾಸ. ಸಿಂಹಳ ನನಗೆ ಬಾರದು. ತಮಿಳು ಓದಲು, ಮಾತನಾಡಲು ಬರುತ್ತದೆ. ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಕಡತಗಳನ್ನು, ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಯುನಿಕೋಡ್‌ಗೆ ತರುವ ಕೆಲಸದಲ್ಲಿ ಪಳಗಿದವನು ಎಂಬುದಷ್ಟೇ ನನ್ನನ್ನು ಅವರು ಕರೆಸಿಕೊಳ್ಳಲು ಕಾರಣ.

ಎಲ್ಲರೂ ಮೊದಲು ಕೇಳುವುದು ಫಾಂಟ್. ನಿಜ ಹೇಳಬೇಕೆಂದರೆ ಇಡೀ ಕೆಲಸದಲ್ಲಿ ಅತ್ಯಂತ ಸುಲಭವಾದದ್ದು ಅದೇ. ಯುನಿಕೋಡ್‌ನಲ್ಲಿ ತಮಿಳು 1991ರ ಮೊದಲ ಆವೃತ್ತಿಯಿಂದಲೂ ಇದೆ; ಸಿಂಹಳ ಸೇರಿದ್ದು 1999ರ 3.0 ಆವೃತ್ತಿಯಲ್ಲಿ. ಈ ಹಿಂದುಳಿಕೆ ಬಹಳ ಕಾಲ ಕಾಡಿತು. ವಿಂಡೋಸ್ ಎಕ್ಸ್‌ಪಿಯಲ್ಲಿ ಲತಾ ಎಂಬ ತಮಿಳು ಫಾಂಟ್ ಜೊತೆಗೇ ಬರುತ್ತಿದ್ದರೆ ಸಿಂಹಳಕ್ಕೆ ಬೇರೆಯದೇ ಒಂದು ಕಿಟ್ ಹಾಕಿಕೊಳ್ಳಬೇಕಿತ್ತು. ವಿಸ್ಟಾ ಬಂದಾಗ ಇಸ್ಕೋಲ ಪೊತ ಎಂಬ ಫಾಂಟ್ ಒಳಗೇ ಬಂತು. ವಿಂಡೋಸ್ 10ರಲ್ಲಿ ನಿರ್ಮಲಾ ಯುಐ ಎಂಬ ಒಂದೇ ಫಾಂಟ್ ಸಿಂಹಳ, ತಮಿಳು, ಕನ್ನಡ ಮೂರನ್ನೂ ನಿಭಾಯಿಸುತ್ತದೆ. ಆದರೆ ಹಳೆಯ ಕಡತಗಳು ಇಸ್ಕೋಲ ಪೊತವನ್ನೋ ಲತಾವನ್ನೋ ಹೆಸರು ಹಿಡಿದು ಕೇಳುತ್ತವೆ. ಅವು ಈಗ ತಾವಾಗಿ ಬರುವುದಿಲ್ಲ. ಸೆಟ್ಟಿಂಗ್ಸ್‌ನ ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಹೋಗಿ ಸಿಂಹಳ ಮತ್ತು ತಮಿಳಿನ ಪೂರಕ ಫಾಂಟ್‌ಗಳನ್ನು ಬೇರೆ ಬೇರೆಯಾಗಿ ಸೇರಿಸಬೇಕು. ಲಿನಕ್ಸ್ ಯಂತ್ರಗಳಿಗೆ ನೋಟೋ ಫಾಂಟ್‌ಗಳನ್ನೂ ಲಂಕಾದ ಲಿನಕ್ಸ್ ಬಳಗದವರು ಮಾಡಿದ ಎಲ್‌ಕೆಎಲ್‌ಯುಜಿ ಫಾಂಟನ್ನೂ ಹಾಕಿದೆ. ಅಚ್ಚಿಗೆ ಅಭಯ ಲಿಬ್ರೆ ಆರಿಸಿಕೊಂಡೆ. ಅದು ದ್ವೀಪದ ಓದುಗರ ಕಣ್ಣಿಗೆ ಚಿರಪರಿಚಿತವಾದ, ಯುನಿಕೋಡ್ ಅಲ್ಲದ ಹಳೆಯ ಫಾಂಟ್ ಎಫ್‌ಎಂ ಅಭಯದ ಯುನಿಕೋಡ್ ರೂಪ. ಫಾಂಟಿನ ಕೆಲಸ ಅಲ್ಲಿಗೆ ಮುಗಿಯಿತು.

ಕಷ್ಟ ಶುರುವಾದದ್ದು ಕೀಲಿಮಣೆಯಲ್ಲಿ. ಕಚೇರಿಯಲ್ಲಿ ಸಿಂಹಳ ಬೆರಳಚ್ಚಿನ ಹೊಣೆ ಹೊತ್ತಿದ್ದವರು ನಿವೃತ್ತಿಯ ಅಂಚಿನಲ್ಲಿದ್ದ ಒಬ್ಬ ಮಹಿಳೆ. ಎಲ್ಲರಂತೆ ನಾನೂ ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಮಲ್ಲಿ, ಅಂದರೆ ತಮ್ಮ, ಎಂದು ಕರೆಯುತ್ತಿದ್ದರು. ಅವರ ಕೈ ಪಳಗಿದ್ದು ಬೆರಳಚ್ಚು ಯಂತ್ರದ ಮೇಲೆ, ವಿಜೆಸೇಕರ ವಿನ್ಯಾಸದಲ್ಲಿ. ವಿಂಡೋಸ್‌ನಲ್ಲಿ ಸಿಂಹಳ ಭಾಷೆ ಸೇರಿಸಿದರೆ ಎರಡು ಕೀಲಿಮಣೆಗಳು ಸಿಗುತ್ತವೆ. ಒಂದರ ಹೆಸರು ಬರೀ ಸಿಂಹಳ, ಇನ್ನೊಂದರದು ಸಿಂಹಳ ವಿಜ್ 9. ಅಕ್ಕನಿಗೆ ಬೇಕಾದದ್ದು ವಿಜೆಸೇಕರದ ಹೆಸರು ಹೊತ್ತ ಎರಡನೆಯದು. ಮೊದಲನೆಯದನ್ನು ಪಟ್ಟಿಯಿಂದ ತೆಗೆದೇ ಹಾಕಿದೆ. ವಿಂಡೋಸ್ ಕೀಲಿಯೊಂದಿಗೆ ಸ್ಪೇಸ್ ಒತ್ತಿ ಭಾಷೆ ಬದಲಿಸುವಾಗ ಪಟ್ಟಿ ಉದ್ದವಾದಷ್ಟೂ ಬೆರಳು ತಪ್ಪುತ್ತದೆ, ಕೋಪವೂ ಹೆಚ್ಚುತ್ತದೆ.

ತಮಿಳಿನಲ್ಲಿ ಪಂಗಡಗಳು ಇನ್ನೂ ಹೆಚ್ಚು. ತಮಿಳುನಾಡು ಸರ್ಕಾರ 1999ರಲ್ಲಿ ಮಾನ್ಯ ಮಾಡಿದ ತಮಿಳ್99 ಭಾರತದಲ್ಲಿ ನಡೆಯುತ್ತದೆ. ಶ್ರೀಲಂಕಾದ ಮಾನಕ ಒಪ್ಪಿಕೊಂಡದ್ದು ಬೆರಳಚ್ಚು ಯಂತ್ರದ ಪರಂಪರೆಯ ರಂಗನಾಥನ್ ವಿನ್ಯಾಸವನ್ನು. ಹೊಸ ಹುಡುಗರಿಗೆ ಎರಡೂ ಬೇಡ, ಇಂಗ್ಲಿಷ್ ಅಕ್ಷರಗಳಲ್ಲಿ ‘ಅಮ್ಮಾ’ ಎಂದು ಒತ್ತಿದರೆ ತಮಿಳು ಮೂಡಬೇಕು. ಲಿನಕ್ಸ್‌ನಲ್ಲಿ ಐಬಸ್ ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿದರೆ ಈ ಮೂರೂ ಸಿಗುತ್ತವೆ, ಸಿಂಹಳದ ವಿಜೆಸೇಕರವೂ ಸಿಗುತ್ತದೆ. ವಿಂಡೋಸ್‌ನಲ್ಲಿ ರಂಗನಾಥನ್ ವಿನ್ಯಾಸವನ್ನು ಪ್ರತ್ಯೇಕವಾಗಿ ಹಾಕಬೇಕಾಯಿತು. ಯಾರಿಗೆ ಯಾವುದು ಎಂದು ಒಬ್ಬೊಬ್ಬರನ್ನೂ ಕೂರಿಸಿಕೊಂಡು ಕೇಳಿ, ಅವರವರ ಖಾತೆಯಲ್ಲಿ ಅದೊಂದನ್ನೇ ಇಟ್ಟೆ. ‘ವೈಜ್ಞಾನಿಕ’ ಕೀಲಿಮಣೆಯನ್ನು ಎಲ್ಲರಿಗೂ ಕಲಿಸಿಬಿಡಬೇಕೆಂಬ ಉತ್ಸಾಹಿಗಳನ್ನು ಕನ್ನಡದಲ್ಲೂ ಕಂಡಿದ್ದೇನೆ. ಇಪ್ಪತ್ತು ವರ್ಷ ಒಂದೇ ದಾರಿಯಲ್ಲಿ ಓಡಿದ ಬೆರಳುಗಳಿಗೆ ಉಪದೇಶ ಕೇಳಿಸುವುದಿಲ್ಲ.

ವಿನ್ಯಾಸ ಸರಿಯಾಗಿದೆ ಎಂದಮಾತ್ರಕ್ಕೆ ಒಳಗೆ ಕೂರುವ ಅಕ್ಷರ ಸರಿಯಾಗಿದೆ ಎಂದಲ್ಲ. ಕೊಳಂಬೊ ನಗರದ ಸಿಂಹಳ ಹೆಸರು ‘ಕೊಳಂಬ’. ಅದರ ಮೊದಲ ಅಕ್ಷರ ‘ಕೊ’ ಬರೆಯುವಾಗ ಕೊಂಬುವ ಎಂಬ ಚಿಹ್ನೆ ಕಕಾರದ ಎಡಕ್ಕೆ ಬರುತ್ತದೆ, ದೀರ್ಘದಂತೆ ಕಾಣುವ ಇನ್ನೊಂದು ಚಿಹ್ನೆ ಬಲಕ್ಕೆ. ಬೆರಳಚ್ಚು ಯಂತ್ರದಲ್ಲಿ ಕಾಗದದ ಮೇಲೆ ಬೀಳುವ ಕ್ರಮದಲ್ಲೇ ಒತ್ತಬೇಕು: ಮೊದಲು ಕೊಂಬುವ, ಆಮೇಲೆ ಕ, ಕೊನೆಗೆ ಬಲದ ಚಿಹ್ನೆ. ಯುನಿಕೋಡ್ ಕಡತದಲ್ಲಿ ಉಳಿಯಬೇಕಾದದ್ದು ಉಚ್ಚಾರದ ಕ್ರಮ: ಮೊದಲು ಕ, ಅದರ ಹಿಂದೆ ‘ಒ’ಕಾರದ ಚಿಹ್ನೆ. ಕೈಯ ಕ್ರಮವನ್ನು ಕಡತದ ಕ್ರಮಕ್ಕೆ ತಿರುಗಿಸುವ ಕೆಲಸ ಕೀಲಿಮಣೆಯ ತಂತ್ರಾಂಶದ್ದು. ನಮ್ಮ ಕನ್ನಡದಲ್ಲಿ ಸ್ವರಚಿಹ್ನೆ ಎಂದೂ ವ್ಯಂಜನದ ಎಡಕ್ಕೆ ಹೋಗುವುದಿಲ್ಲವಾದ್ದರಿಂದ ಈ ತಲೆನೋವು ನಮಗೆ ಗೊತ್ತಿಲ್ಲ. ತಮಿಳಿಗೂ ಸಿಂಹಳಕ್ಕೂ ಇದು ದಿನನಿತ್ಯದ್ದು. ತಿರುಗಿಸದೆ ಬಿಡುವ ಕೀಲಿಮಣೆಯಲ್ಲಿ ಕೊಂಬುವ ಹಿಂದಿನ ಅಕ್ಷರಕ್ಕೆ ಹೋಗಿ ಅಂಟಿಕೊಳ್ಳುತ್ತದೆ, ಇಲ್ಲವೇ ಚುಕ್ಕಿಗಳ ವೃತ್ತದ ಪಕ್ಕ ಅನಾಥವಾಗಿ ನಿಲ್ಲುತ್ತದೆ.

ಇದನ್ನು ಕಣ್ಣಿನಿಂದ ಪರೀಕ್ಷಿಸಿ ಪ್ರಯೋಜನವಿಲ್ಲ. ಪೈಥಾನ್‌ನಲ್ಲಿ ನಾಲ್ಕು ಸಾಲಿನ ಒಂದು ಸ್ಕ್ರಿಪ್ಟ್ ಬರೆದುಕೊಂಡೆ. ಪದ ಕೊಟ್ಟರೆ ಒಳಗಿರುವ ಪ್ರತಿಯೊಂದು ಸಂಕೇತವನ್ನೂ ಅದರ ಯುನಿಕೋಡ್ ಹೆಸರಿನೊಂದಿಗೆ ಸಾಲಾಗಿ ತೋರಿಸುತ್ತದೆ. ಪ್ರತಿಯೊಂದು ಯಂತ್ರದಲ್ಲೂ ಪ್ರತಿಯೊಬ್ಬರ ಕೈಯಿಂದಲೂ ಅದೇ ಒಂದಷ್ಟು ಪದಗಳನ್ನು ಟೈಪ್ ಮಾಡಿಸಿ ಈ ಸ್ಕ್ರಿಪ್ಟಿಗೆ ಕೊಟ್ಟೆ. ಅಲ್ಲಿ ಹೊರಬಿದ್ದ ಒಂದು ಸಂಗತಿ ಮಜವಾಗಿತ್ತು. ಸಿಂಹಳದಲ್ಲಿ ರೂಪಾಯಿಯನ್ನು ‘ರು’ ಎಂದು ಸಂಕ್ಷೇಪಿಸುತ್ತಾರೆ. ಉಳಿದ ವ್ಯಂಜನಗಳಿಗೆ ಉಕಾರ ಕೆಳಗೆ ಬಂದರೆ ರಕಾರಕ್ಕೆ ಮಾತ್ರ ಅದು ಪಕ್ಕದಲ್ಲಿ, ‘ಬ್ಯಾಂಕ್’ ಎನ್ನುವಾಗಿನ ‘ಆ್ಯ’ ಸ್ವರದ ಚಿಹ್ನೆಯಂತೆಯೇ ಕಾಣುತ್ತದೆ. ಹಾಗಾಗಿ ಹಳೆಯ ವಿಧಾನದಲ್ಲಿ ಕಲಿತವರು ‘ರು’ ಬರೆಯಲು ಆ ಸ್ವರದ ಕೀಲಿಯನ್ನೇ ಒತ್ತುತ್ತಾರೆ. ಹಳೆಯ ಫಾಂಟ್‌ಗಳಲ್ಲಿ ಅದೇ ಸರಿ. ಯುನಿಕೋಡ್‌ನಲ್ಲಿ ಅದು ಬೇರೊಂದೇ ಅಕ್ಷರವಾಗಿ ಬೇರೆ ಆಕಾರದಲ್ಲಿ ಮೂಡುತ್ತದೆ. ಅಕ್ಕನ ಬೆಲೆಪಟ್ಟಿಯ ರೂಪಾಯಿಗಳೆಲ್ಲ ಹೀಗೆ ರೂಪ ಬದಲಿಸಿಕೊಂಡಿದ್ದವು. “ನನ್ನ ಕೈ ಸರಿಯಾಗಿಯೇ ಇದೆ ಮಲ್ಲಿ, ನಿಮ್ಮ ಯಂತ್ರವೇ ಸೊಟ್ಟ” ಎಂದು ಅವರು ಹೇಳಿದ್ದನ್ನು ತಮಿಳಿನ ಸಹೋದ್ಯೋಗಿಯೊಬ್ಬರು ನನಗೆ ನಗುತ್ತಾ ದಾಟಿಸಿದರು. ಅಕ್ಕನ ಮಾತಿನಲ್ಲಿ ನ್ಯಾಯವಿತ್ತು. ಆದರೂ ಆ ಒಂದು ಕೀಲಿಯನ್ನು ಅವರೇ ಬದಲಿಸಿಕೊಳ್ಳಬೇಕಾಯಿತು.

ಇನ್ನು ಕಣ್ಣಿಗೆ ಕಾಣದ ಒಂದು ಅಕ್ಷರದ ಮಾತು. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ಕೆಳಗೆ ಕಕಾರ ಒತ್ತಾಗಿ ಕೂರದಂತೆ ತಡೆಯಲು ನಾವು ಒಂದು ಅದೃಶ್ಯ ಅಕ್ಷರ ಹಾಕುತ್ತೇವೆ. ಹಾಕದಿದ್ದರೆ ಒತ್ತಕ್ಷರ ತಾನಾಗಿಯೇ ಆಗಿಬಿಡುತ್ತದೆ. ಸಿಂಹಳದಲ್ಲಿ ಇದು ಪೂರ್ತಿ ತಿರುವುಮುರುವು. ಅಲ್ಲಿ ಹಲಂತ, ಅಂದರೆ ವ್ಯಂಜನದ ಸ್ವರ ತೆಗೆಯುವ ಚಿಹ್ನೆ, ಹಾಕಿದರೆ ಹಲಂತವಾಗಿಯೇ ಕಾಣುತ್ತದೆ, ಅಕ್ಷರಗಳು ಬೆಸೆಯುವುದಿಲ್ಲ. ಬೆಸೆಯಬೇಕೆಂದರೆ ಹಲಂತದ ನಂತರ ಝೀರೋ ವಿಡ್ತ್ ಜಾಯಿನರ್ ಎಂಬ ಅದೃಶ್ಯ ಅಕ್ಷರ, ಅಂದರೆ ಯುನಿಕೋಡ್‌ನ 200ಡಿ, ಇರಲೇಬೇಕು. ಶಾಲೆಗೆ ಅವರು ಬಳಸುವ ‘ವಿದ್ಯಾಲಯ’ದ ಯಕಾರ, ‘ಶ್ರೀ’ಯೊಳಗಿನ ರಕಾರ ಎರಡೂ ಇದರಿಂದಲೇ ಸರಿಯಾದ ರೂಪ ಪಡೆಯುತ್ತವೆ. ದೇಶದ ಹೆಸರಿನ ಮೊದಲ ಅಕ್ಷರವೇ ಈ ಕಾಣದ ಅಕ್ಷರದ ಮೇಲೆ ನಿಂತಿದೆ ಎಂದರೆ ಅದರ ಮಹತ್ವ ಊಹಿಸಿಕೊಳ್ಳಬಹುದು. ವಿಜೆಸೇಕರ ಕೀಲಿಮಣೆಯಲ್ಲಿ ಆ ರಕಾರಕ್ಕೂ ಯಕಾರಕ್ಕೂ ಸ್ವಂತ ಕೀಲಿಗಳಿವೆ. ಒಂದು ಸಲ ಒತ್ತಿದರೆ ಹಲಂತ, ಜಾಯಿನರ್, ವ್ಯಂಜನ ಮೂರೂ ಒಟ್ಟಿಗೆ ಹೋಗುತ್ತವೆ. ಅಳಿಸುವಾಗ ಮಾತ್ರ ಒಂದೊಂದೇ ಹೋಗುತ್ತದೆ. ಬ್ಯಾಕ್‌ಸ್ಪೇಸ್ ಒಮ್ಮೆ ಒತ್ತಿದರೆ ರಕಾರ ಮಾಯವಾಗುತ್ತದೆ, ಹಲಂತವೂ ಜಾಯಿನರೂ ಅಲ್ಲೇ ಕೂತಿರುತ್ತವೆ. ಮುಂದೆ ಏನು ಟೈಪ್ ಮಾಡಿದರೂ ಅದಕ್ಕೆ ಬೆಸೆದುಕೊಳ್ಳಲು ಹವಣಿಸುತ್ತವೆ. ಅನುಮಾನ ಬಂದರೆ ಇಡೀ ಪದ ಅಳಿಸಿ ಹೊಸದಾಗಿ ಬರೆಯಿರಿ ಎಂಬ ನಿಯಮ ಮಾಡಿದೆವು.

ಈ ಜಾಯಿನರಿಗೆ ಶತ್ರುಗಳು ಬಹಳ. ಸಂಸ್ಥೆಗೆ ವಿಳಾಸಪಟ್ಟಿಯ ತಂತ್ರಾಂಶ ಮಾಡಿಕೊಟ್ಟಿದ್ದವರು, ಒಳಗೆ ಬರುವ ಪಠ್ಯವನ್ನು ‘ಶುದ್ಧ’ ಮಾಡುವ ನೆಪದಲ್ಲಿ ಕಾಣದ ಅಕ್ಷರಗಳನ್ನೆಲ್ಲ ಕಿತ್ತುಹಾಕುವ ಒಂದು ಸಾಲು ಬರೆದಿದ್ದರು. ಇಂಗ್ಲಿಷಿಗೆ ಅದರಿಂದ ಏನೂ ಆಗದು. ಸಿಂಹಳದ ಹೆಸರುಗಳು ಮಾತ್ರ ಒಡೆದ ರೂಪದಲ್ಲಿ ಲಕೋಟೆಗಳ ಮೇಲೆ ಅಚ್ಚಾಗುತ್ತಿದ್ದವು. ಅದಕ್ಕಿಂತ ಕೆಟ್ಟದ್ದೆಂದರೆ, ಜಾಯಿನರ್ ಇರುವ ಹೆಸರು ಮತ್ತು ಇಲ್ಲದ ಹೆಸರು ಯಂತ್ರದ ಲೆಕ್ಕದಲ್ಲಿ ಇಬ್ಬರು ವ್ಯಕ್ತಿಗಳು. ಒಬ್ಬರಿಗೇ ಎರಡೆರಡು ಕಾಗದ ಹೋಗುತ್ತಿತ್ತು. ಆ ಸಾಲು ತೆಗೆಸಿದೆವು. ಕನ್ನಡದ ‘ರ‍್ಯಾಂಕ್’ ಕೂಡ ಇಂಥ ಶುದ್ಧೀಕರಣದಲ್ಲಿ ‘ರ್ಯಾಂಕ್’ ಆಗಿ ಅರ್ಕಾವತ್ತು ಹೊತ್ತುಕೊಂಡು ಬರುವುದನ್ನು ನೀವು ನೋಡಿರುತ್ತೀರಿ.

ತಮಿಳಿನಲ್ಲಿ ಒತ್ತಕ್ಷರದ ರಗಳೆಯೇ ಇಲ್ಲ. ಮೇಲೊಂದು ಪುಳ್ಳಿ, ಅಂದರೆ ಚುಕ್ಕೆ, ಇಟ್ಟರೆ ಮುಗಿಯಿತು. ಬೆಸೆಯುವುದು ‘ಕ್ಷ’ ಮತ್ತು ‘ಶ್ರೀ’ ಮಾತ್ರ. ಆದರೆ ಆ ‘ಶ್ರೀ’ ಒಂದೇ ಸಾಕು ತೊಂದರೆಗೆ. ಮೊದಲು ಅದನ್ನು ಸಕಾರದಿಂದ ಕಟ್ಟುತ್ತಿದ್ದರು. 2005ರಲ್ಲಿ ಯುನಿಕೋಡ್ 4.1 ತಮಿಳಿಗೆ ಶಕಾರವನ್ನು ಸೇರಿಸಿದ ಮೇಲೆ ಶಕಾರದಿಂದಲೂ ಕಟ್ಟಬಹುದಾಯಿತು. ಎರಡೂ ಪರದೆಯ ಮೇಲೆ ಅದೇ ಆಕಾರ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಔಕಾರದ ಕಥೆಯೂ ಇಂಥದ್ದೇ. ಅದರ ಬಲಭಾಗ ತಮಿಳಿನ ಳಕಾರದಂತೆಯೇ ಕಾಣುವುದರಿಂದ ಬೆರಳಚ್ಚಿನ ಕಾಲದವರು ಳಕಾರವನ್ನೇ ಒತ್ತಿ ಕೆಲಸ ಮುಗಿಸುತ್ತಾರೆ. ಕರಪತ್ರದಲ್ಲಿ ಓದುವವರಿಗೆ ವ್ಯತ್ಯಾಸ ತಿಳಿಯದು. ಪರದೆ ಓದಿ ಹೇಳುವ ತಂತ್ರಾಂಶಕ್ಕೆ ಕೊಟ್ಟರೆ ‘ಸೌ’ ಅನ್ನಬೇಕಾದ ಕಡೆ ‘ಸೆಳ’ ಎಂದು ಓದುತ್ತದೆ.

ಲಿಬ್ರೆ ಆಫೀಸ್‌ನ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನು ತಿಳಿಯದೆ ಜನ ವೃಥಾ ಒದ್ದಾಡುತ್ತಾರೆ. ಅದು ಲಿಪಿಗಳನ್ನು ಪಾಶ್ಚಾತ್ಯ, ಏಷ್ಯನ್, ಸಂಕೀರ್ಣ ಎಂದು ಮೂರು ಗುಂಪು ಮಾಡಿಕೊಂಡಿದೆ. ಸಿಂಹಳ, ತಮಿಳು, ಕನ್ನಡ ಎಲ್ಲವೂ ಸಂಕೀರ್ಣದ ಒಂದೇ ಖಾನೆಗೆ ಬೀಳುತ್ತವೆ. ಆ ಖಾನೆಗೆ ಒಂದು ಶೈಲಿಯಲ್ಲಿ ಒಂದೇ ಫಾಂಟ್, ಒಂದೇ ಗಾತ್ರ, ಒಂದೇ ಭಾಷೆ. ಅಭಯ ಲಿಬ್ರೆ ಕೊಟ್ಟರೆ ತಮಿಳು ಯಾವುದೋ ಬದಲಿ ಫಾಂಟಿಗೆ ಜಾರುತ್ತದೆ. ಕಾಗುಣಿತ ಪರೀಕ್ಷೆ ಇಡೀ ತಮಿಳನ್ನು ಸಿಂಹಳವೆಂದು ಬಗೆದು ಕೆಂಪು ಗೆರೆ ಎಳೆಯುತ್ತದೆ. ದಾರಿ ಒಂದೇ: ಸಿಂಹಳಕ್ಕೆ ಒಂದು ಪ್ಯಾರಾ ಶೈಲಿ, ತಮಿಳಿಗೆ ಇನ್ನೊಂದು. ಪ್ರತಿಯೊಂದಕ್ಕೂ ಅದರದೇ ಫಾಂಟ್, ಅಳತೆ, ಭಾಷೆ. ತಮಿಳಿಗೆ ಭಾಷೆ ಆರಿಸುವಾಗ ಭಾರತದ್ದಲ್ಲ, ಶ್ರೀಲಂಕಾದ್ದನ್ನೇ ಆರಿಸಿದೆ. ಅಳತೆಯನ್ನು ಬೇರೆ ಇಟ್ಟುಕೊಳ್ಳುವುದು ಅಲಂಕಾರಕ್ಕಲ್ಲ. ತಮಿಳು ಸಾಲು ಸಾಮಾನ್ಯವಾಗಿ ಸಿಂಹಳಕ್ಕಿಂತ ಉದ್ದವಾಗಿ ಓಡುತ್ತದೆ. ಸಿಂಹಳಕ್ಕೆ ಸರಿಹೊಂದಿದ ಕೋಷ್ಟಕದ ಚೌಕದಲ್ಲಿ ತಮಿಳು ಎರಡು ಸಾಲಾಗಿ ಕೆಳಗೆ ತುಳುಕುತ್ತದೆ. ಆದ್ದರಿಂದ ನಮೂನೆಗಳನ್ನು ಮೊದಲು ತಮಿಳಿನಲ್ಲಿ ತುಂಬಿ, ಅದಕ್ಕೆ ತಕ್ಕಂತೆ ಚೌಕಗಳನ್ನು ಅಳೆದು, ಆಮೇಲೆ ಸಿಂಹಳ ಹಾಕಿದೆವು. ಕಚೇರಿಯ ರೂಢಿ ಅದಕ್ಕೆ ವಿರುದ್ಧವಾಗಿತ್ತು, ಹಾಗಾಗಿ ತಮಿಳು ಯಾವಾಗಲೂ ಇರುಕಿಸಿಟ್ಟಂತೆ ಕಾಣುತ್ತಿತ್ತು.

ಕೊನೆಗೆ ಉಳಿದದ್ದು ಹಳೆಯ ಕಡತಗಳ ರಾಶಿ. ಎಫ್‌ಎಂ ಅಭಯದಲ್ಲಿ ಟೈಪ್ ಮಾಡಿದ ‘ಶ್ರೀ ಲಂಕಾ’ವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಂಗ್ಲಿಷಿನ ವೈ, ಶೇಕಡಾ ಚಿಹ್ನೆ, ಎಸ್, ಆಮೇಲೆ ಒಂದು ಅಲ್ಪವಿರಾಮ, ಎಕ್ಸ್, ಎಲ್, ಡಿ ಕಾಣುತ್ತವೆ. ತಮಿಳಿನ ಬಾಮಿನಿ ಫಾಂಟಿನಲ್ಲಿ ‘ತಮಿಳ್’ ಎಂಬ ಪದ ಜೆ, ಕೆ, ಪಿ, ಓ ಮತ್ತು ಅರ್ಧವಿರಾಮ. ಇಂಗ್ಲಿಷ್ ಅಕ್ಷರಗಳಿಗೆ ಸಿಂಹಳದ ವೇಷ ಹಾಕಿದ್ದು, ಅಷ್ಟೇ. ನಮ್ಮ ಹಳೆಯ ನುಡಿ ಕಡತಗಳಂತೆಯೇ. ಪರಿವರ್ತಕಗಳು ಬೇಕಾದಷ್ಟಿವೆ, ಕೊಳಂಬೊ ವಿಶ್ವವಿದ್ಯಾಲಯದ ಕಂಪ್ಯೂಟಿಂಗ್ ಶಾಲೆಯವರೂ ಒಂದನ್ನು ಮಾಡಿದ್ದಾರೆ. ಆದರೆ ಪಠ್ಯವನ್ನಷ್ಟೇ ನಕಲಿಸಿ ಅಂಟಿಸಿದರೆ ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳು, ಔಷಧಿಗಳ ಹೆಸರುಗಳು ಕೂಡ ಸಿಂಹಳದ ಕಲಸುಮೇಲೋಗರವಾಗುತ್ತವೆ. ಯಾವುದು ಇಂಗ್ಲಿಷ್, ಯಾವುದು ವೇಷ ಎಂದು ಹೇಳಬಲ್ಲದ್ದು ಫಾಂಟಿನ ಹೆಸರು ಮಾತ್ರ. ಆದ್ದರಿಂದ ಕಡತವನ್ನು ಪದಸಂಸ್ಕಾರಕದಲ್ಲಿ ತೆರೆದು, ಎಫ್‌ಎಂ ಫಾಂಟ್ ಇರುವ ತುಣುಕುಗಳನ್ನು ಮಾತ್ರ ಹುಡುಕಿ ಹೆಕ್ಕಿ, ಅವನ್ನಷ್ಟೇ ಪರಿವರ್ತಿಸುವ ಮ್ಯಾಕ್ರೊ, ಅಂದರೆ ಪದಸಂಸ್ಕಾರಕದೊಳಗೇ ಓಡುವ ಸಣ್ಣ ಪ್ರೋಗ್ರಾಂ, ಬರೆದೆ. ಬಾಮಿನಿಗೂ ಅದೇ ವಿಧಾನ. ಔಷಧಿಯ ಪ್ರಮಾಣ ಇರುವ ಸಾಲುಗಳನ್ನು ಮಾತ್ರ ಯಂತ್ರಕ್ಕೆ ಬಿಡಲಿಲ್ಲ. ಅಕ್ಕನೂ ತಮಿಳಿನ ಸಹೋದ್ಯೋಗಿಯೂ ಹಳೆಯ ಮುದ್ರಿತ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಿದರು.

ಎಲ್ಲವನ್ನೂ ಪರಿವರ್ತಿಸುವ ಆಸೆ ಸಂಸ್ಥೆಯವರಿಗಿತ್ತು. ನಾನು ಬೇಡವೆಂದೆ. ಈಗಲೂ ಹಂಚುತ್ತಿರುವ ಕರಪತ್ರಗಳು, ನಮೂನೆಗಳು, ವಿಳಾಸಪಟ್ಟಿ, ಇಷ್ಟು ಯುನಿಕೋಡ್ ಆದವು. ಉಳಿದವನ್ನು ಹಳೆಯ ಫಾಂಟ್‌ಗಳು ಇದ್ದ ಯಂತ್ರದಲ್ಲಿಯೇ ತೆರೆದು, ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಮಾಡಿ, ಕಡತದ ಹೆಸರಿಗೆ ಇಂಗ್ಲಿಷಿನಲ್ಲಿ ವಿಷಯ ಮತ್ತು ವರ್ಷ ಬರೆದು ಒಂದು ಕಡೆ ಇಟ್ಟೆವು. ಅವುಗಳಲ್ಲಿ ಯಾವುದಾದರೂ ಮತ್ತೆ ಬೇಕಾದರೆ ಅಕ್ಕ ಹೊಸದಾಗಿ ಟೈಪ್ ಮಾಡುತ್ತಾರೆ. ತಿದ್ದುವುದಕ್ಕಿಂತ ಅದೇ ಬೇಗ ಆಗುತ್ತದೆ.