ಟೆರೇಸಿನಲ್ಲಿ ಜೀರಿಗೆ ಮೆಣಸು: ನಾನು ಬೆಳೆದ ಬಗೆ

ಜೀರಿಗೆ ಮೆಣಸು, ಅಂದರೆ ಮಲೆನಾಡಿನ ಆ ಪುಟ್ಟ ಖಾರದ ಮೆಣಸಿನಕಾಯಿ, ಬೆಂಗಳೂರಿನ ಟೆರೇಸಿನಲ್ಲೂ ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಕೇಳಿದವರೆಲ್ಲ ಆಗಲ್ಲ ಅಂದಿದ್ದರು. "ಅದು ಹಕ್ಕಿ ಹಾಕಿದ ಬೀಜಕ್ಕೆ ತಾನಾಗೇ ಹುಟ್ಟೋ ಗಿಡ ಮಾರಾಯ, ಕುಂಡದಲ್ಲಿ ನೆಟ್ಟರೆ ಎಲ್ಲಿ ಬರ್ತದೆ" ಎಂದು ಸಾಗರದ ಚಿಕ್ಕಮ್ಮ ನಕ್ಕಿದ್ದರು. ಈಗ ಅವರಿಗೂ ಇಲ್ಲಿಂದಲೇ ಒಂದು ಡಬ್ಬಿ ಹೋಗುತ್ತದೆ.

ನಾನು ಬೆಳೆಯಲು ಹೊರಟಾಗ ಇಲ್ಲಿ ಒಣಗಿದ್ದು 100 ಗ್ರಾಂಗೆ 150 ರೂಪಾಯಿ ಮೇಲಿತ್ತು. ಹಸಿ ಕಾಯಿ ಸಿಗುತ್ತಲೇ ಇರಲಿಲ್ಲ. ಮಾವಿನಕಾಯಿಯ ಅಪ್ಪೆಹುಳಿಗೆ ಹಸಿಯದನ್ನೇ ಗಿವುಚಬೇಕು, ಒಣಗಿದ್ದರಲ್ಲಿ ಆ ಪರಿಮಳ ಇಲ್ಲ. ಉದ್ದನೆಯ ಮಾಮೂಲಿ ಹಸಿಮೆಣಸು ಹಾಕಿ ಕರಕಲಿ ಮಾಡಿದರೆ ಅದು ಬರೀ ಕೆಸುವಿನ ಸೊಪ್ಪಿನ ಗೊಜ್ಜು.

ಬೀಜ ಹುಡುಕಿದ್ದೇ ಒಂದು ಕಥೆ. ಆನ್‌ಲೈನ್‌ನಲ್ಲಿ ಹತ್ತು ಬೀಜಕ್ಕೆ 120 ರೂಪಾಯಿಯೋ ಏನೋ ಕೊಟ್ಟು ತರಿಸಿದೆ. ತಿಂಗಳುಗಟ್ಟಲೆ ಸಾಕಿದ ಮೇಲೆ ಕಾಯಿ ಬಿಟ್ಟಿತು, ಅದೂ ಕೆಳಗೆ ಜೋತುಬಿದ್ದು! ಜೀರಿಗೆ ಮೆಣಸು ಮೇಲಕ್ಕೆ ಮುಖ ಮಾಡಿ ನಿಲ್ಲಬೇಕು ಅಲ್ವಾ? ಮಾರಿದವರು ಫೋನ್ ಎತ್ತಲಿಲ್ಲ. ಬೇರೆ ಕಡೆಯಿಂದ ತರಿಸಿದ್ದು ನೆಟ್ಟಗೇನೋ ನಿಂತಿತು, ಆದರೆ ಅದು ಚಂದಕ್ಕೆ ಬೆಳೆಸುವ ಜಾತಿ. ಖಾರ ಇತ್ತು, ಘಮ ಇಲ್ಲ.

ಕೊನೆಗೆ ಸರಿಯಾದದ್ದು ಸಿಕ್ಕಿದ್ದು ತೀರ್ಥಹಳ್ಳಿ ಸಂತೆಯಲ್ಲಿ. ಅಜ್ಜಿಯೊಬ್ಬರ ಗುಡ್ಡೆಯಲ್ಲಿ ಹಸಿರು ಕಾಯಿಗಳ ನಡುವೆ ನಾಲ್ಕಾರು ಕೆಂಪು ಹಣ್ಣು ಕಂಡವು. ಹಣ್ಣು ಮಾತ್ರ ಆರಿಸಿಕೊಳ್ಳಲಾ ಅಂದೆ. "ತಗೊಂಡ್ರೆ ಪೂರ್ತಿ ತಗೊ ಮಗಾ" ಅಂದರು. 80 ರೂಪಾಯಿ ಕೊಟ್ಟು ಪೂರ್ತಿ ತಂದೆ. ಗಿಡದ ಮೇಲಿನ ಹಣ್ಣಾದರೆ ಗುರುತು ಸುಲಭ. ಸುಮ್ನೆ ಬೆರಳು ತಾಗಿಸಿದರೆ ಸಾಕು, ತೊಟ್ಟು ಗಿಡದಲ್ಲೇ ಉಳಿದು ಹಣ್ಣು ಕೈಗೆ ಬರುತ್ತದೆ. ತೊಟ್ಟಿದ್ದ ಜಾಗದಲ್ಲಿ ಚಿಕ್ಕ ತೂತು, ಅದರಿಂದ ಒಂದು ಹನಿ ಕೆಂಪು ರಸ. ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಖಾರ ನೀರಿಗೆ ಹೋಗಲ್ಲ, ಮೊದಲು ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು.

ಬೀಜ ತೆಗೆದು ನೇರ ಹಾಕಿದಾಗ ನೂರಕ್ಕೆ ಹತ್ತೂ ಹುಟ್ಟಲಿಲ್ಲ. ಚಿಕ್ಕಮ್ಮ ಹೇಳಿದ ಹಕ್ಕಿ ನೆನಪಾಯಿತು. ಹಕ್ಕಿಗೆ ಖಾರ ತಾಗಲ್ಲ, ಬೀಜ ಜಗಿಯುವುದೂ ಇಲ್ಲ. ನುಂಗುತ್ತದೆ, ಹಿಕ್ಕೆಯಲ್ಲಿ ಹಾಕುತ್ತದೆ. ನಡುವೆ ಹೊಟ್ಟೆಯಲ್ಲಿ ಆಗುವ ಕೆಲಸವನ್ನು ನಾನು ಬಟ್ಟಲಲ್ಲಿ ಮಾಡಿಸಲು ನೋಡಿದೆ. ಹುಳಿ ಮಜ್ಜಿಗೆ ಒಂದು. ಅದರ ಜೊತೆ ಇನ್ನೇನು, ಎಷ್ಟು ಹೊತ್ತು ಅನ್ನುವುದು ನನ್ನ ಹತ್ತಿರವೇ ಇರಲಿ. ಈಗ ನೂರಕ್ಕೆ ಅರವತ್ತು ಎಪ್ಪತ್ತು ಹುಟ್ಟುತ್ತವೆ. ಟ್ರೇ ಬೆಚ್ಚಗಿರಬೇಕು, 25ರಿಂದ 30 ಡಿಗ್ರಿ. ಎರಡು ಮೂರು ವಾರ ಕೆದಕದೆ ಕಾಯಿರಿ.

ನಿಜವಾದ ಪೆಟ್ಟು ಬಿದ್ದಿದ್ದು ಆಮೇಲೆ. ಮೆಣಸಿಗೆ ಪೂರ್ತಿ ಬಿಸಿಲು ಬೇಕು ಅಂತ ಎಲ್ಲರೂ ಹೇಳುತ್ತಾರೆ. ಏಪ್ರಿಲ್‌ನಲ್ಲಿ ಟೆರೇಸ್ ಕಾದ ಕಾವಲಿ. 35 ಡಿಗ್ರಿ ದಾಟಿತೋ, ಹೂ ನಿಲ್ಲಲ್ಲ. ಬೆಳಿಗ್ಗೆ ಗುಡಿಸಿದರೆ ಬೊಗಸೆ ತುಂಬ ಹೂ. ನರ್ಸರಿಯವರ ಮಾತು ಕೇಳಿ ಯೂರಿಯಾ ಕೊಟ್ಟರೆ ಬರೀ ಎಲೆ, ಎದೆಯೆತ್ತರ ಗಿಡ, ಕಾಯಿ ಸೊನ್ನೆ. ಗಿಡ ನೆಡುವ ಬ್ಯಾಗು, ಗೊಬ್ಬರ, ಔಷಧಿ ಎಲ್ಲ ಸೇರಿ ಆ ಹೊತ್ತಿಗೆ 6000 ರೂಪಾಯಿ ಹತ್ತಿರ ಹೋಗಿತ್ತು. ಬಂದಿದ್ದು ಒಂದು ಲೋಟ ಕಾಯಿ. "ಇದಕ್ಕಿಂತ ಏಲಕ್ಕಿ ಅಗ್ಗ ಕಣ್ರೀ" ಎಂದಳು ಹೆಂಡತಿ.

ಊರಿನ ತೋಟದಲ್ಲಿ ಜೀರಿಗೆ ಮೆಣಸು ಎಲ್ಲಿರುತ್ತದೆ? ಅಡಿಕೆ, ಕಾಫಿ ನೆರಳಲ್ಲಿ, ಉದುರಿದ ಎಲೆಯ ದರಗಿನ ಮೇಲೆ. ಅದನ್ನೇ ಮಾಡಿದೆ. ಶೇಕಡಾ 50 ನೆರಳು ಕೊಡುವ ಹಸಿರು ನೆಟ್ ಕಟ್ಟಿ, ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಬ್ಯಾಗುಗಳನ್ನು ಸರಿಸಿದೆ. ಬುಡಕ್ಕೆ ಒಣ ಎಲೆ ದಪ್ಪಗೆ ಹಾಸಿದೆ. ಯೂರಿಯಾ ಬಂದ್, ತಿಂಗಳಿಗೊಂದು ಹಿಡಿ ಕಾಂಪೋಸ್ಟ್ ಅಷ್ಟೇ. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಕಾಯಿ ಕಿತ್ತು ಬೆರಳು ಉರಿಯಿತು. ಆರು ಗಿಡದಿಂದ ವಾರಕ್ಕೆ ಒಂದು ದೊಡ್ಡ ಲೋಟ. ಮನೆಗೆ ಸಾಕಾಗಿ ಉಪ್ಪು, ನಿಂಬೆರಸದಲ್ಲಿ ಎರಡು ಬಾಟಲಿ ಹಾಕಿಟ್ಟೆ. ಪಿಕಳಾರ ಹಕ್ಕಿಗಳೂ ಪಾಲು ತಗೊಳ್ಳುತ್ತವೆ, ಇರಲಿ.

ಎಲೆ ಮುದುಡುವ ಮುಟುರು ರೋಗ ಎಲ್ಲರಿಗೂ ಗೊತ್ತು, ಜಾಸ್ತಿ ಹೇಳಲ್ಲ. ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ಅನ್ನುವ ಸಣ್ಣ ಹುಳ, ಕೆಳಕ್ಕೆ ಮುದುಡಿದರೆ ಮೈಟ್ ಅನ್ನುವ ನುಸಿ. ಮೊದಲನೆಯದಕ್ಕೆ ಬೇವಿನೆಣ್ಣೆ ಲೀಟರಿಗೆ 5 ಎಂಎಲ್, ಸೋಪಿನ ಜೊತೆ. ಎರಡನೆಯದಕ್ಕೆ ನೀರಿಗೆ ಕಲೆಸುವ ಗಂಧಕ, ಲೀಟರಿಗೆ 3 ಗ್ರಾಂ. ಎರಡರ ನಡುವೆ ಎರಡು ವಾರವಾದರೂ ಬಿಡಿ, ಇಲ್ಲದಿದ್ದರೆ ಎಲೆ ಸುಡುತ್ತದೆ.

ನಡುವೆ ಭೂತ್ ಜೊಲೊಕಿಯಾ ಹುಚ್ಚೂ ಹತ್ತಿತ್ತು. 2007ರಲ್ಲಿ ಗಿನ್ನೆಸ್ ದಾಖಲೆಗೆ ಹೋದ ಈಶಾನ್ಯದ ಮೆಣಸು, ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ ಹತ್ತು ಲಕ್ಷ ದಾಟಿದ್ದು. ಬೆಳೆಯಿತು, ಕಾಯಿಯೂ ಬಿಟ್ಟಿತು. ಒಂದು ಚೂರಿಗೆ ಇಡೀ ಪಾತ್ರೆ ಸಾರು ಚೆಲ್ಲಬೇಕಾಯಿತು. ಅಡುಗೆಗೆ ನನ್ನ ಪ್ರಕಾರ ಅದು ದಂಡ. ಜೊತೆಗೆ ಇನ್ನೊಂದು ತಾಪತ್ರಯ: ಜೇನುಹುಳ ಓಡಾಡಿ ತಳಿ ಬೆರೆಯಬಹುದು. ಹಾಗಾಗಿ ಬೀಜಕ್ಕೆ ಬಿಡುವ ಟೊಂಗೆಗೆ ಹೂ ಅರಳುವ ಮೊದಲೇ ತೆಳು ಬಟ್ಟೆಯ ಚೀಲ ಕಟ್ಟುತ್ತೇನೆ.

ಕಾಯಿ ಮುಗಿದ ಗಿಡ ಕಿತ್ತು ಎಸೆಯಬೇಡಿ. ಜೂನ್‌ನಲ್ಲಿ ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ನನ್ನ ಹಳೆಯ ಗಿಡಕ್ಕೆ ನಾಲ್ಕು ವರ್ಷವಾಗಿರಬೇಕು, ಕಾಂಡ ಹೆಬ್ಬೆರಳಿಗಿಂತ ದಪ್ಪ. ಬ್ಯಾಗು ಹರಿಯುತ್ತಿದೆ, ಈ ಮಳೆಗೆ ಅದನ್ನು ಅರ್ಧ ಡ್ರಮ್ಮಿಗೆ ಹಾಕಬೇಕು.